ದಂತಕಾಯಿಯ ಮಚ್ಚೆ

ನನ್ನ ದೊಡ್ಡಮ್ಮನಿಗೆ ತಪ್ಪು ಕಂಡರೆ ಸುಮ್ಮನಿರಲು ಬರುತ್ತಿರಲಿಲ್ಲ. ಮನೆಗೆ ಬಂದ ಕಾಗದವನ್ನು ಪೆನ್ಸಿಲ್ ಹಿಡಿದೇ ಓದುತ್ತಿದ್ದಳು. ನೀರಿನ ಕಚೇರಿಯದಾಗಲಿ, ನೆಂಟರದಾಗಲಿ, ತಪ್ಪಿದ್ದಲ್ಲಿ ಗೀಟು ಎಳೆದು, ಮೇಲೆ ಸರಿಯಾದದ್ದನ್ನು ಗುಂಡಗಿನ ಅಕ್ಷರದಲ್ಲಿ ಬರೆದು, ಅದೇ ಕಾಗದವನ್ನು ಹೊಸ ಲಕೋಟೆಗೆ ಹಾಕಿ ಬರೆದವರಿಗೇ ವಾಪಸು ಕಳಿಸುತ್ತಿದ್ದಳು. ಒಮ್ಮೆ ಹಲ್ಲು ಕೀಳಿಸಿಕೊಳ್ಳಲು ಹೋದವಳು, ಬಾಯಿ ತೆರೆದುಕೊಂಡೇ, ಇಕ್ಕಳ ಹಿಡಿಯುವುದು ಹಾಗಲ್ಲ ಎಂದು ಡಾಕ್ಟರಿಗೆ ಕೈಸನ್ನೆಯಲ್ಲಿ ತೋರಿಸಿದ್ದಳು. ಅವರು ಅವಳು ಹೇಳಿದಂತೆ ಹಿಡಿದರಂತೆ, ಹಲ್ಲು ಸಲೀಸಾಗಿ ಬಂತಂತೆ. ಇದನ್ನು ಹೇಳಿದವಳು ಅವಳೇ ಆದ್ದರಿಂದ ಅರ್ಧ ನಂಬಿದರೆ ಸಾಕು.

ಅಂಥವಳು ಜೀವಮಾನದಲ್ಲಿ ಒಂದೇ ಒಂದು ಸಲ, ಕಣ್ಣೆದುರು ತಪ್ಪು ನಡೆಯುತ್ತಿದ್ದಾಗ ತುಟಿ ಪಿಟಕ್ಕೆನ್ನಲಿಲ್ಲ. ಆಗ ನಾನು ಅವಳ ಪಕ್ಕದಲ್ಲೇ ಇದ್ದೆ. ನಾನೂ ಬಾಯಿ ಬಿಡಲಿಲ್ಲ. ಹೇಳಬೇಕಾಗಿದ್ದದ್ದು ಮೂರು ನಾಲ್ಕು ಪದ ಅಷ್ಟೆ. ಈಗ ನನಗೂ ತಲೆ ನರೆತಿದೆ, ಆ ಪದಗಳನ್ನು ದಿನಕ್ಕೊಂದು ಸಲವಾದರೂ ಹೇಳಿಕೊಳ್ಳುತ್ತೇನೆ. ಏನು ಪ್ರಯೋಜನ.

ನಮ್ಮದು ಕಡೆಯುವವರ ಮನೆ. ಬೀದಿಗೆ ತೆರೆಯುವ ಕೋಣೆ ಅಂಗಡಿ, ಅದರ ಹಿಂದಿನ ಉದ್ದನೆಯ ಕೋಣೆ ಕಾರ್ಖಾನೆ, ಅದರ ಹಿಂದೆ ಅಡುಗೆಮನೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಕಾಲಿನಲ್ಲಿ ತುಳಿದು ತಿರುಗಿಸುವ ಎರಡು ಲೇತು, ಒಂದು ಕಿಟಕಿ, ಗೋಡೆಗೆ ಸಾಲಾಗಿ ತೂಗುಹಾಕಿದ ಉಳಿಗಳು, ಎಲ್ಲದರ ಮೇಲೂ ಹಿಟ್ಟಿನಂಥ ಬಿಳಿ ಪುಡಿ. ನಾವು ಕಡೆಯುತ್ತಿದ್ದದ್ದು ಮರವನ್ನಲ್ಲ, ದಂತಕಾಯಿಯನ್ನು.

ದಂತಕಾಯಿ ಎಂದರೆ ಸಮುದ್ರದಾಚೆಯ ಕಾಡಿನಲ್ಲಿ, ಹೊಳೆದಂಡೆಯಲ್ಲಿ ಬೆಳೆಯುವ ಒಂದು ಜಾತಿಯ ತಾಳೆಯ ಬೀಜ. ನಮ್ಮಲ್ಲಿ ಯಾರೂ ಆ ಮರ ನೋಡಿದವರಲ್ಲ. ಅದರ ಹಣ್ಣು ಮನುಷ್ಯನ ತಲೆಯಷ್ಟು ದೊಡ್ಡದು, ಮೈಯೆಲ್ಲ ಮುಳ್ಳು. ಒಳಗಿನ ಬೀಜ ಎಳತಿನಲ್ಲಿ ಬರೀ ನೀರು, ಕುಡಿಯಬಹುದು. ಆಮೇಲೆ ಎಳನೀರಿನ ಗಂಜಿಯ ಹಾಗೆ ಮೆತ್ತಗಾಗುತ್ತದೆ. ಬಲಿತು ಒಣಗಿದರೆ ಮುಗಿಯಿತು, ಕಲ್ಲು. ಕಂದು ಸಿಪ್ಪೆ ತೆಗೆದು ಲೇತಿಗೆ ಕೊಟ್ಟು ನೋಡಿ, ಒಳಗೆ ಆನೆಯ ದಂತದಷ್ಟೇ ಬೆಳ್ಳಗೆ, ಅಷ್ಟೇ ನುಣ್ಣಗೆ. ಮೊದಲು ಇದು ಬಂದದ್ದು ವ್ಯಾಪಾರಕ್ಕಲ್ಲವಂತೆ. ಖಾಲಿ ಹಡಗು ಅಲೆಗೆ ಓಲಾಡದಿರಲಿ ಎಂದು ಹೊಟ್ಟೆಯಲ್ಲಿ ಜಲ್ಲಿಯ ಬದಲು ಇದನ್ನು ತುಂಬಿ ತಂದು, ಬಂದರಿನಲ್ಲಿ ಸುರಿದು ಹೋಗುತ್ತಿದ್ದರು. ಬೆತ್ತದ ಹಿಡಿ ಕಡೆಯುತ್ತಿದ್ದ ನನ್ನ ಮುತ್ತಜ್ಜ ಅಲ್ಲಿಂದ ಎರಡು ಎತ್ತಿಕೊಂಡು ಬಂದು ಲೇತಿಗೆ ಕೊಟ್ಟನಂತೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಬೇರೆ ಪುಡಿ ಬಿದ್ದಿಲ್ಲ.

ಅಜ್ಜನ ಕಾಲದಲ್ಲಿ ಇಡೀ ಬೀದಿಯೇ ಅಂಗಿಗುಂಡಿ ಮಾಡುತ್ತಿತ್ತು. ಸಿಪಾಯಿಯ ಕೋಟಿಗೆ ಗುಂಡಿ, ಮದುಮಗನ ಅಂಗಿಗೆ ಗುಂಡಿ, ಕೂಸಿನ ಕುಲಾವಿಗೆ ಗುಂಡಿ. ಬಣ್ಣವನ್ನು ಹೀರಿಕೊಳ್ಳುವ ಗುಣ ಕಾಯಿಗಿದೆ, ಬೇಕಾದ ಬಣ್ಣಕ್ಕೆ ಅದ್ದಬಹುದಿತ್ತು. ಆಮೇಲೆ ಪ್ಲಾಸ್ಟಿಕ್ ಬಂತು. ಒಂದೊಂದೇ ಮನೆಯ ಲೇತು ನಿಂತು ಕೊನೆಗೆ ಬೀದಿಯಲ್ಲಿ ನಾವೊಬ್ಬರೇ ಉಳಿದೆವು. ಚದುರಂಗದ ಕಾಯಿ, ದಾಳ, ಸೂಜಿಡಬ್ಬಿ, ದರ್ಜಿಯ ಬೆರಳುಟೋಪಿ, ಅಂಗೈಯಲ್ಲಿ ಹಿಡಿದು ಉರುಳಿಸುವ ನುಣುಪಾದ ಮೊಟ್ಟೆ, ಹೀಗೆ ಏನೇನೋ ಮಾಡಿಕೊಂಡು ಜೀವ ಹಿಡಿದೆವು. ಆನೆಯ ದಂತ ಮಾರಕೂಡದು ಎಂದು ಕಾನೂನು ಬಿಗಿಯಾದ ಮೇಲೆ ನಮ್ಮ ಸಾಮಾನಿಗೆ ಹೊರದೇಶದಿಂದ ಮತ್ತೆ ಕೇಳಿಕೆ ಬಂತು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರೆ. ಆ ಎರಡನೆಯ ಸಾವಿರ ಯಾರ ಕೈಗೆ ಹೋಗುತ್ತದೆ ಎಂದು ಗಾದೆ ಹೇಳುವುದಿಲ್ಲ.

ನಮ್ಮ ಮನೆಯ ಪ್ರತಿ ಸಾಮಾನಿನ ಬುಡದಲ್ಲೂ ಉಗುರಗಲ ಕಂದು ಸಿಪ್ಪೆಯನ್ನು ಹಾಗೇ ಬಿಡುವುದು ಪದ್ಧತಿ. ಅದಕ್ಕೆ ಮಚ್ಚೆ ಎನ್ನುತ್ತಿದ್ದೆವು. ಈ ಪದ್ಧತಿ ಶುರುವಾದದ್ದು ಒಂದು ಅವಮಾನದಿಂದ. ಅಜ್ಜನ ಹತ್ತಿರ ಕೊಂಡ ಗೊಂಬೆಗಳನ್ನು ಯಾವನೋ ವ್ಯಾಪಾರಿ ಆನೆದಂತವೆಂದು ಮಾರಿದ್ದ. ಕೊಂಡವರ ಮನೆಯಲ್ಲಿ ಗೊಂಬೆ ನೀರಿಗೆ ಬಿದ್ದು, ನಾಲ್ಕು ದಿನ ನೆನೆದು, ಉಬ್ಬಿ, ಉಗುರಿಗೆ ಕೆರೆಸಿಕೊಳ್ಳುವಷ್ಟು ಮೆತ್ತಗಾಯಿತು. ಅವರು ಹತ್ತು ಜನ ಕಟ್ಟಿಕೊಂಡು ಅಜ್ಜನ ಬಾಗಿಲಿಗೆ ಬಂದು ಕಳ್ಳ ಎಂದರು. ಅಜ್ಜ ಮೂರು ದಿನ ಲೇತು ಮುಟ್ಟಲಿಲ್ಲ. ನಾಲ್ಕನೆಯ ದಿನದಿಂದ ಮಚ್ಚೆ ಬಿಡತೊಡಗಿದ. ಇದು ಕಾಯಿ, ದಂತವಲ್ಲ, ಸುಳ್ಳು ಹೇಳುವವನು ಇದನ್ನು ಕೆರೆದುಕೊಂಡು ಹೇಳಲಿ ಎಂದು ಅವನ ಮಾತು. ಬರಬರುತ್ತಾ ಬಂದರಿನ ತಪಾಸಣೆಯವರಿಗೂ ಇದು ಗೊತ್ತಾಯಿತು. ಬೇರೆಯವರ ಪೆಟ್ಟಿಗೆಗೆ ಕಾಯಿಸಿದ ಸೂಜಿ ಚುಚ್ಚಿ ನೋಡುವವರು, ನಮ್ಮ ಪೆಟ್ಟಿಗೆಯ ಮೇಲಿನ ಸಾಲಿನಲ್ಲಿ ಮಚ್ಚೆ ಕಂಡರೆ ಮುಚ್ಚಳ ಹಾಕಿ ಮುದ್ರೆ ಒತ್ತುತ್ತಿದ್ದರು. ದೊಡ್ಡಮ್ಮನಿಗೆ ಅದಕ್ಕಿಂತ ದೊಡ್ಡ ಆಸ್ತಿ ಇರಲಿಲ್ಲ. ನಮ್ಮ ಕೇಡಿಗೆ ಬಂದದ್ದೂ ಅದೇ.

ಅಂಟಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕಾರ್ಖಾನೆಯಲ್ಲಿ ಎರಡು ಅಂಟು ಇರುತ್ತಿದ್ದವು. ಒಂದು ರಾಳದ್ದು, ಕಪ್ಪಗೆ, ಗಬ್ಬು ವಾಸನೆ. ಅಂಟಿಸಿದರೆ ಅಂಟಿತು, ಕೀಳಬೇಕಾದರೆ ಕಾಯಿಯೇ ಒಡೆಯಬೇಕು. ಇನ್ನೊಂದು ಹಿಟ್ಟು ಕುದಿಸಿ ಮಾಡಿದ್ದು. ಕಾಯಿಯನ್ನು ಲೇತಿನ ಕೋಲಿಗೆ ಹಿಡಿಸುವುದಕ್ಕೆ ಇದನ್ನು ಬಳಸುತ್ತಿದ್ದೆವು. ಒಣಗಿದ್ದಾಗ ಉಕ್ಕಿನ ಹಾಗೆ ಹಿಡಿಯುತ್ತದೆ, ಲೇತು ಎಷ್ಟೇ ಜೋರಾಗಿ ತಿರುಗಲಿ ಕಾಯಿ ಅಲುಗುವುದಿಲ್ಲ. ಕೆಲಸ ಮುಗಿದ ಮೇಲೆ ಕೋಲಿನ ಸಮೇತ ಒದ್ದೆಬಟ್ಟೆಯ ಡಬ್ಬಿಯಲ್ಲಿಟ್ಟರೆ ತಾನೇ ಬಿಟ್ಟುಕೊಳ್ಳುತ್ತದೆ. ಬರೀ ತೇವದ ಗಾಳಿಯೇ ಸಾಕು, ತಡವಾಗುತ್ತದೆ ಅಷ್ಟೆ. ಲೇತಿನ ಮುಂದೆ ಒಂದು ವಾರ ಕೂತವರಿಗೂ ಗೊತ್ತಿರುವ ಸಂಗತಿ ಇದು.

ಬೆಣ್ಣೆಮಾವ ಲೇತಿನ ಮುಂದೆ ಒಂದು ದಿನವೂ ಕೂತವನಲ್ಲ.

ಅವನು ದೊಡ್ಡಮ್ಮನ ತಮ್ಮ. ನನ್ನ ಅಮ್ಮ ಇವರಿಬ್ಬರ ನಡುವಿನವಳು, ಮದುವೆಯಾಗಿ ಬೇರೆ ಊರಿಗೆ ಹೋದಳು. ನಾನು ಹದಿನೆಂಟಕ್ಕೆ ಕಸುಬು ಕಲಿಯಲು ಬಂದು ದೊಡ್ಡಮ್ಮನ ಹತ್ತಿರವೇ ನಿಂತೆ. ಅಜ್ಜಿ ತೀರಿಕೊಂಡದ್ದು ಮಾವನನ್ನು ಹೆತ್ತ ವಾರದಲ್ಲಿ. ಆಗ ದೊಡ್ಡಮ್ಮನಿಗೆ ಹದಿನಾಲ್ಕು. ಎತ್ತಿ ಆಡಿಸಿ, ಎದೆಗವಚಿಕೊಂಡು ಬೆಳೆಸಿದಳು, ಅವನು ದೊಡ್ಡವನಾಗುವ ಹೊತ್ತಿಗೆ ಅವಳ ಮದುವೆಯ ವಯಸ್ಸು ದಾಟಿತ್ತು. ಅವನ ಅಂಗಿಗಳ ಗುಂಡಿಯನ್ನೆಲ್ಲ ತಾನೇ ಕಾಯಿಯಲ್ಲಿ ಕಡೆದು ತಾನೇ ಹೊಲಿಯುತ್ತಿದ್ದಳು. ಒಂದೊಂದರ ಬೆನ್ನಲ್ಲೂ ಸಾಸಿವೆಯಷ್ಟು ಮಚ್ಚೆ. ನಲವತ್ತು ದಾಟಿದ ಗಂಡಸು ಬಾಗಿಲಲ್ಲಿ ನಿಂತು ಅಕ್ಕನಿಂದ ತೋಳಿನ ಗುಂಡಿ ಹಾಕಿಸಿಕೊಂಡು ಹೋಗುವುದನ್ನು ಕಂಡು ನಾನು ಎಷ್ಟೋ ಸಲ ನಕ್ಕಿದ್ದೇನೆ. ಇಬ್ಬರಿಗೂ ನಾಚಿಕೆ ಎಂಬುದಿರಲಿಲ್ಲ.

ಮಾವನ ಮಾತು ಬೆಣ್ಣೆ. ಅಂಗಡಿಗೆ ಬಂದವರು ಸೂಜಿಡಬ್ಬಿ ಕೇಳಿದರೆ ಚದುರಂಗದ ಪೂರ್ತಿ ಜೊತೆ ಹೊರಿಸಿ ಕಳಿಸುತ್ತಿದ್ದ. ಕೆಟ್ಟವನಲ್ಲ. ಯಾರಿಗೂ ಇಲ್ಲ ಎನ್ನಲು ಬಾರದವನು. ಅಂಥವರನ್ನು ಕೆಟ್ಟವರು ಬಲು ಬೇಗ ಹುಡುಕಿಕೊಂಡು ಬರುತ್ತಾರೆ.

ಬಿಳಿ ಬೂಟಿನವನು ಮೊದಲ ಸಲ ಬಂದಾಗ ನಾನು ಮೊಟ್ಟೆಗಳಿಗೆ ಮೆರುಗು ಕೊಡುತ್ತಿದ್ದೆ. ನಮ್ಮ ಪುಡಿಯ ನೆಲದ ಮೇಲೆ ಬಿಳಿ ಬೂಟು ಹಾಕಿಕೊಂಡು ಬರುವ ಧೈರ್ಯ ಯಾರಿಗಿದೆ ಎಂದು ತಲೆಯೆತ್ತಿ ನೋಡಿದೆ. ಕೊಳ್ಳಲಿಲ್ಲ, ಬೆಲೆ ವಿಚಾರಿಸಲಿಲ್ಲ. ಒಂದು ಮೊಟ್ಟೆಯನ್ನು ಮಗುಚಿ ಮಚ್ಚೆಯನ್ನು ಹೆಬ್ಬೆರಳಿನಿಂದ ಸವರಿದ. ಬಂದರಿನಲ್ಲಿ ಇದನ್ನು ನೋಡಿಯೇ ಬಿಡುತ್ತಾರಂತಲ್ಲ ಎಂದ. ಮಾವ ಹೆಮ್ಮೆಯಿಂದ ಹೌದೆಂದ. ಅವನು ಹೋದ ಮೇಲೆ ಆ ಮೊಟ್ಟೆಯನ್ನು ಯಾಕೋ ನಾನು ಎರಡು ಸಲ ಒರೆಸಿಟ್ಟೆ.

ಮುಂದಿನ ತಿಂಗಳು ಮಾವ ಒಂದು ಮರದ ಪೆಟ್ಟಿಗೆಯನ್ನು ಕಾರ್ಖಾನೆಯೊಳಕ್ಕೆ ತಂದಿಟ್ಟ. ಒಳಗೆ ಇನ್ನೂರ ನಲವತ್ತು ಮೊಟ್ಟೆ. ಬೇರೆ ಊರಿನವರು ಮಾಡಿದ್ದಂತೆ, ಯಂತ್ರದಲ್ಲಿ ಸಿಪ್ಪೆಯೆಲ್ಲ ಹೋಗಿಬಿಟ್ಟಿದೆಯಂತೆ, ನಾವು ಒಂದೊಂದಕ್ಕೂ ಮಚ್ಚೆ ಅಂಟಿಸಿಕೊಟ್ಟರೆ ನಮ್ಮ ಹೆಸರಿನಲ್ಲಿ ಹಡಗಿಗೆ ಹೋಗುತ್ತದಂತೆ. ಅಂಟಿಸಿದ ಮಚ್ಚೆ ಮಚ್ಚೆಯಲ್ಲ ಎಂದು ದೊಡ್ಡಮ್ಮ ಕಡ್ಡಿ ಮುರಿದಂತೆ ಹೇಳಿದಳು. ಇದೊಂದು ಸಲ ಎಂದು ಮಾವ ಗೋಗರೆದು, ಪೆಟ್ಟಿಗೆ ಬಿಟ್ಟು ಹೊರಟುಹೋದ.

ದೊಡ್ಡಮ್ಮ ಒಂದನ್ನು ಕೈಗೆತ್ತಿಕೊಂಡಳು. ತೂಕ ನೋಡಿದಳು. ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಅರ ತೆಗೆದು ಬುಡದಲ್ಲಿ ಒಂದು ಸಲ ಉಜ್ಜಿ ನನ್ನ ಮೂಗಿನ ಹತ್ತಿರ ಹಿಡಿದಳು. ಕಾಯಿ ಉಜ್ಜಿದರೆ ಹುರಿದ ಕಾಳಿನ ವಾಸನೆ ಬರುತ್ತದೆ. ಇದು ಹಲ್ಲಿನ ಡಾಕ್ಟರ ಕೋಣೆಯ ವಾಸನೆ. ದೊಡ್ಡಮ್ಮ ಒಂದು ಬಟ್ಟಲಿಗೆ ನೀರು ಹಾಕಿ, ನಮ್ಮದೊಂದು ಮೊಟ್ಟೆ, ಅವರದೊಂದು ಮೊಟ್ಟೆ ಮುಳುಗಿಸಿ ಕಿಟಕಿಯಲ್ಲಿಟ್ಟಳು. ನಾಲ್ಕು ದಿನ ಬಟ್ಟಲು ಅಲ್ಲೇ ಇತ್ತು. ಐದನೆಯ ಬೆಳಿಗ್ಗೆ ನಮ್ಮದಕ್ಕೆ ಉಗುರು ಇಳಿಯಿತು. ಅವರದು ಇದ್ದ ಹಾಗೇ ಇತ್ತು.

ಅವಳು ಪೆಟ್ಟಿಗೆಯನ್ನೆಲ್ಲ ಕೆದಕಿದಳು. ಒಂದು ಮೊಟ್ಟೆಯ ಬುಡದಲ್ಲಿ ಮೇಣ ತುಂಬಿದ್ದು ಕಂಡು ಸೂಜಿಯಿಂದ ಕೆತ್ತಿ ತೆಗೆದಳು. ಕಿರುಬೆರಳು ಹೋಗುವಷ್ಟು ತೂತು. ಬೆರಳನ್ನು ಒಳಗಿಟ್ಟು ಸುತ್ತ ಸವರಿ ನೋಡಿದಳು.

"ಕಾಯಿಗೂ ಹೊಟ್ಟೇಲಿ ಟೊಳ್ಳಿರುತ್ತೆ," ಅಂದಳು. "ಆದ್ರೆ ಅದು ಬಿರುಕು ಬಿಟ್ಟು ಒರಟಾಗಿರುತ್ತೆ. ಇದು ನುಣ್ಣಗಿದೆ. ಇದರೊಳಗೆ ನರ ಇತ್ತು. ಇಷ್ಟು ತೆಳ್ಳಗಿನ ಹಲ್ಲು, ಇಷ್ಟು ದೊಡ್ಡ ತೂತು. ಆನೆಮರಿಯದು ಇದು."

ಅವತ್ತು ಮಧ್ಯಾಹ್ನ ನಾನು ಊಟ ಮಾಡಲಿಲ್ಲ. ದೊಡ್ಡಮ್ಮ ಮಾಡಿದಳು, ತಟ್ಟೆ ಪೂರ್ತಿ ಖಾಲಿ ಮಾಡಿದಳು. ನನಗೆ ಅವಳ ಮೇಲೆ ಸಿಟ್ಟು ಬಂತು. ಅವಳು ಏನು ತೂಗುತ್ತಿದ್ದಾಳೆಂದು ಗೊತ್ತಿತ್ತು. ಪೆಟ್ಟಿಗೆ ನಮ್ಮ ಮಚ್ಚೆಯೊಂದಿಗೆ ಹೋಗಿ ತಲುಪಿದರೆ ಮೂರು ತಲೆಮಾರಿನ ಮಾತು ಸುಳ್ಳು, ಅದೂ ಸತ್ತ ಮರಿಯ ಮೇಲೆ ಅಂಟಿಸಿದ ಸುಳ್ಳು. ಹೋಗಿ ಹೇಳಿಕೊಟ್ಟರೆ ತಮ್ಮ ಕಂಬಿ ಎಣಿಸಬೇಕು. ಇವೆರಡರ ನಡುವೆ ಸಂದಿ ಎಲ್ಲಿದೆ ಎಂದು ನಾನೂ ಹುಡುಕಿದೆ, ಕಾಣಲಿಲ್ಲ.

ಸಂಜೆ ಮಾವ ಬಂದಾಗ ದೊಡ್ಡಮ್ಮ ಲೇತಿನ ಮುಂದೆ ಕೂತಿದ್ದಳು. ಒಂದು ಬಿಳಿ ಮೊಟ್ಟೆಯನ್ನು ಅವನ ಅಂಗೈಯಲ್ಲಿಟ್ಟಳು.

"ಇದು ಏನು?"

"ಕಾಯಿ ಅಕ್ಕ. ಮತ್ತಿನ್ನೇನು?"

"ನನ್ನ ಮುಖ ನೋಡಿ ಹೇಳು."

ಅವನು ಮುಖ ನೋಡಿದ. ಚಿಕ್ಕಂದಿನಿಂದ ಅವಳ ಮುಖ ನೋಡಿ ಸುಳ್ಳು ಹೇಳಿದವನೇ ಅಲ್ಲ, ಅದು ಅವನ ಕೈಲಾಗುತ್ತಿರಲಿಲ್ಲ. ಅವತ್ತು ನೋಡಿದ, ರೆಪ್ಪೆ ಬಡಿಯಲಿಲ್ಲ, "ಕಾಯಿ" ಎಂದ. ದೊಡ್ಡಮ್ಮ ಮೊಟ್ಟೆಯನ್ನು ವಾಪಸು ತೆಗೆದುಕೊಂಡಳು. ಆಗಲಿ, ಅಂಟಿಸುತ್ತೇನೆ ಎಂದಳು. ಅವನ ಮುಖ ಬಿರಿದ ರೀತಿ ನೋಡಬೇಕಿತ್ತು. ರಾಳದ ಡಬ್ಬಿಯ ಕಡೆಗೆ ಅವಳು ಕೈ ಚಾಚಿದಳು. ಮುಚ್ಚಳ ತೆಗೆದದ್ದೇ ಮಾವ ಮೂಗು ಮುಚ್ಚಿಕೊಂಡ.

"ಅಯ್ಯೋ, ಅದು ಬೇಡ ಅಕ್ಕ. ನಾರುತ್ತೆ, ಅಂಚಲ್ಲಿ ಕಪ್ಪಗೆ ಕಾಣುತ್ತೆ. ಆ ಹಿಟ್ಟಿನ ಅಂಟೇ ಹಾಕು. ಲೇತು ಅಷ್ಟು ಜೋರಾಗಿ ತಿರುಗಿದ್ರೂ ಅಲ್ಲಾಡಲ್ಲ ಅದು. ನೋಡಿಲ್ವಾ ನಾನು."

ನಾನು ದೊಡ್ಡಮ್ಮನ ಕಡೆ ನೋಡಿದೆ. ಈಗ ಶುರುವಾಗುತ್ತದೆ ಎಂದುಕೊಂಡೆ, ಈ ಮನೆಯಲ್ಲಿ ಹುಟ್ಟಿ ಬೆಳೆದು ಇಷ್ಟೂ ಗೊತ್ತಿಲ್ಲವಾ ನಿನಗೆ ಎಂದು. ಉಪ್ಪಿನ ಡಬ್ಬಿಯ ಮುಚ್ಚಳ ಓರೆಯಾಗಿದ್ದರೆ ಅರ್ಧ ಗಂಟೆ ಬೈಯುವವಳು. ಅವಳ ಕೈ ರಾಳದ ಡಬ್ಬಿಯ ಮೇಲೆ ಒಂದು ಗಳಿಗೆ ನಿಂತಿತು. ಮುಚ್ಚಳ ಹಾಕಿದಳು.

"ಹೂಂ," ಎಂದಳು.

ತೇವಕ್ಕೆ ಬಿಟ್ಟುಕೊಳ್ಳುತ್ತೆ ಮಾವ. ಹೇಳಬೇಕಾಗಿದ್ದದ್ದು ಇಷ್ಟೇ. ನನ್ನ ನಾಲಿಗೆಯ ತುದಿಗೆ ಬಂದಿತ್ತು. ದೊಡ್ಡಮ್ಮ ನನ್ನ ಕಡೆ ತಿರುಗಲಿಲ್ಲ, ಕಣ್ಸನ್ನೆ ಮಾಡಲಿಲ್ಲ, ಆದ್ದರಿಂದ ಅವಳ ಮೇಲೆ ಹೊರಿಸುವ ಹಾಗೂ ಇಲ್ಲ. ನಾನು ಮೆರುಗಿನ ಬಟ್ಟೆ ತೆಗೆದುಕೊಂಡು ಉಜ್ಜತೊಡಗಿದೆ.

ಹನ್ನೊಂದು ದಿನ ಹಿಡಿಯಿತು. ನಾನು ಹಳೆಯ ಕಾಯಿಗಳಿಂದ ಸಿಪ್ಪೆಯನ್ನು ಉಗುರಗಲಕ್ಕೆ ಎಬ್ಬಿಸಿ ಕೊಡುವುದು, ಅವಳು ಅಂಚು ತೀಡಿ ಅಂಟಿಸುವುದು. ಅಷ್ಟು ಚೆನ್ನಾದ ಕೆಲಸವನ್ನು ಅವಳು ಮತ್ತೆಂದೂ ಮಾಡಲಿಲ್ಲ. ಬೆರಳು ಸವರಿದರೆ ಸಿಪ್ಪೆ ಎಲ್ಲಿ ಮುಗಿದು ಬಿಳುಪು ಎಲ್ಲಿ ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ಅಂಟಿಸಿದ್ದರಲ್ಲಿ ಒಂದನ್ನು ಪೆಟ್ಟಿಗೆಗೆ ಹಾಕದೆ ತೆಗೆದಿಟ್ಟುಕೊಂಡಳು. ನೀರಿಗೆ ಹಾಕಿ ನೋಡಿದ್ದನ್ನೂ ಒರೆಸಿ, ಮಚ್ಚೆ ಅಂಟಿಸಿ ಪೆಟ್ಟಿಗೆಗೆ ಸೇರಿಸಿ, ಕಡಿಮೆಯಾದ ಒಂದು ಎಲ್ಲೋ ಉರುಳಿಹೋಯಿತೆಂದು ಮಾವನಿಗೆ ಹೇಳಿದಳು.

ಕೊನೆಯ ದಿನ ಬಿಳಿ ಬೂಟಿನವನು ನೋಡಲು ಬಂದ. ನಾಲ್ಕಾರು ಮಚ್ಚೆಗಳನ್ನು ಉಗುರಿನಿಂದ ಎಬ್ಬಿಸಲು ನೋಡಿದ, ಒಂದೂ ಕದಲಲಿಲ್ಲ. ನಕ್ಕ. ದೊಡ್ಡಮ್ಮನ ಎರಡೂ ಕೈಗಳನ್ನು ಹಿಡಿದು ಬೆಳಕಿಗೆ ತಿರುಗಿಸಿ, ಇಂಥ ಕೈಗಳನ್ನು ಜೋಪಾನ ಮಾಡಬೇಕು, ಇನ್ನೂ ತುಂಬ ಪೆಟ್ಟಿಗೆಗಳಿವೆ ಎಂದ. ಆಮೇಲೆ ಮಾವನ ಹೆಗಲಿನ ಮೇಲೆ ಕೈಹಾಕಿ, ನಮ್ಮ ಹುಡುಗ ಒಳ್ಳೆಯವನು ಎಂದ. ಮಾವನ ಹೆಗಲು ಆ ಕೈಯ ಕೆಳಗೆ ಕುಗ್ಗಿದ್ದನ್ನು ನಾವಿಬ್ಬರೂ ನೋಡಿದೆವು.

ಅವನು ಹೋದ ಮೇಲೆ ದೊಡ್ಡಮ್ಮ ಕೊನೆಯ ಮಾತೊಂದನ್ನು ಆಡಿದಳು. ಅದನ್ನು ನಾನು ಅವಳ ಲೆಕ್ಕಕ್ಕೆ ಸೇರಿಸಲೇಬೇಕು.

"ಆ ಪೆಟ್ಟಿಗೆ ಕಳಿಸಬೇಡ ಕಣೋ."

"ಮಾತು ಕೊಟ್ಟಾಗಿದೆ ಅಕ್ಕ."

"ವಾಪಸು ತಗೋ."

"ಅಂಥವರಿಗೆ ಕೊಟ್ಟ ಮಾತನ್ನ ವಾಪಸು ತಗೊಳ್ಳೋಕಾಗಲ್ಲ." ಅವನು ನಗಲು ನೋಡಿದ. "ಅಂಟು ಗಟ್ಟಿಯಾಗಿದೆಯಲ್ಲ, ಇನ್ನೇನು ಭಯ?"

ಅವಳು ಅಂಟಿನ ಬಗ್ಗೆ ಏನೂ ಹೇಳಲಿಲ್ಲ. ಪೆಟ್ಟಿಗೆ ಮರುದಿನ ಹೋಯಿತು.

ಹಡಗು ಆ ದಡ ಮುಟ್ಟಲು ಆರು ವಾರ. ಆ ಆರು ವಾರ ನಮ್ಮ ಮನೆಯಲ್ಲಿ ಯಾರನ್ನೂ ಯಾರೂ ತಿದ್ದಲಿಲ್ಲ. ನಾನು ಬೇಕೆಂದೇ ಉಳಿಗಳನ್ನು ತಪ್ಪು ಸಾಲಿನಲ್ಲಿ ತೂಗುಹಾಕಿ ನೋಡಿದೆ. ದೊಡ್ಡಮ್ಮ ತಪ್ಪು ಸಾಲಿನಿಂದಲೇ ತೆಗೆದುಕೊಂಡು ಕೆಲಸ ಮಾಡಿದಳು. ತೆಗೆದಿಟ್ಟ ಆ ಒಂದು ಮೊಟ್ಟೆಯನ್ನು ಒದ್ದೆಬಟ್ಟೆಯಿಂದ ದೂರ, ಬರೀ ತೇವದ ಗಾಳಿ ತಾಗುವಂತೆ, ನೀರಿನ ಹಂಡೆಯ ಹಿಂದೆ ಇಟ್ಟಿದ್ದಳು. ಪ್ರತಿದಿನ ಬೆಳಿಗ್ಗೆ ಹೋಗಿ ಹೆಬ್ಬೆರಳಿನಿಂದ ಒತ್ತಿ ನೋಡಿ ಬರುತ್ತಿದ್ದಳು. ಹತ್ತೊಂಬತ್ತನೆಯ ದಿನ ಹಂಡೆಯ ಹಿಂದಿನಿಂದ ಬಂದವಳ ಹೆಬ್ಬೆರಳಿನ ಮೇಲೆ ಕಂದು ಸಿಪ್ಪೆ ಕೂತಿತ್ತು. ಅದನ್ನು ನನಗೆ ತೋರಿಸಿ ಒಲೆಗೆ ಹಾಕಿದಳು.

ಅವತ್ತೇ ಮಾವನ ಅಂಗಿಗಳನ್ನೆಲ್ಲ ಹೊರಗೆಳೆದಳು. ಒಂದೊಂದರ ಹಳೆಯ ಗುಂಡಿ ಬಿಚ್ಚಿ, ದಪ್ಪನೆಯ ಹೊಸವನ್ನು ಎರಡೆಳೆ ದಾರದಲ್ಲಿ ಬಿಗಿಯಾಗಿ ಹೊಲಿಯತೊಡಗಿದಳು. ಮಾವ ನೋಡಿ ಕರಗಿಹೋದ. ನನಗಿನ್ನೂ ಹಾಲುಗಲ್ಲ ಅಂದುಕೊಂಡಿದ್ದಾಳೆ ಅಕ್ಕ ಎಂದು ನನ್ನ ಹತ್ತಿರ ಹೇಳಿದ. ಅಲ್ಲಿ ಹೊಲಿದುಕೊಡುವವರು ಯಾರೂ ಇರುವುದಿಲ್ಲ ಎಂದು ಅವಳು ಹೊಲಿಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ನಾನು ಎದ್ದು ಹಿತ್ತಿಲಿಗೆ ಹೋಗಿ ಅತ್ತು ಬಂದೆ.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ, ಇದು ಮಚ್ಚೆಗಾಗಿಯೋ ಅವನಿಗಾಗಿಯೋ ಎಂದು. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಒಂದು ಪೆಟ್ಟಿಗೆ ದಾಟಿದ್ರೆ ಎರಡನೇದು ಬರುತ್ತೆ. ಮೂರನೇದಕ್ಕೆ ಅವನು ಬೇಡ ಅಂತಾನೆ, ಅವನ ಸ್ವಭಾವ ನನಗೆ ಗೊತ್ತು. ಬೇಡ ಅಂದೋರನ್ನ ಅವರು ಏನು ಮಾಡ್ತಾರೆ? ಜೈಲಿಗೆ ಗೋಡೆ ಇರುತ್ತೆ. ಒಳಗಿದ್ರೆ ಇರ್ತಾನೆ."

ಅದು ನಿಜವೋ, ತನಗೆ ತಾನು ಹೇಳಿಕೊಂಡ ಸಮಾಧಾನವೋ, ನನಗೆ ಇವತ್ತಿಗೂ ತಿಳಿದಿಲ್ಲ. ಮುಖ ನೋಡಿ ಸುಳ್ಳು ಹೇಳಿದವನಿಗೆ ಅವಳು ಕೊಟ್ಟ ಶಿಕ್ಷೆಯೂ ಅದರಲ್ಲಿತ್ತು ಎಂದು ನನ್ನ ಅನುಮಾನ. ಅವಳಿದ್ದಾಗ ಹಾಗೆ ಹೇಳುವ ಧೈರ್ಯ ನನಗಿರಲಿಲ್ಲ.

ಎಂಟನೆಯ ವಾರ, ಬೆಳಿಗ್ಗೆ, ಮಾವ ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗಲೇ ಮೂವರು ಬಂದರು. ಹಿರಿಯ ಅಧಿಕಾರಿ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲೆ ಬಗ್ಗಿಸಿದ. ಉಗುರಗಲದ ಕಂದು ಸಿಪ್ಪೆಗಳು. ಆಚೆ ಬಂದರಿನಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಬುಡದಲ್ಲಿ ಇವು ಉದುರಿ ಬಿದ್ದಿದ್ದವಂತೆ, ಮೇಲೆ ಬೋಳು ದಂತ. ಇದು ಯಾರ ಕೆಲಸ ಎಂದು ಕೇಳಿದ. ಮಾವ ಕಾರ್ಖಾನೆಯ ಕಡೆ ನೋಡಿದ. ದೊಡ್ಡಮ್ಮ ಕಾರ್ಖಾನೆಯಿಂದ ಕೈಯೊರೆಸಿಕೊಂಡು ಬಂದು, ಅಂಟಿಸಿದವಳು ನಾನು, ಹಿಟ್ಟಿನ ಅಂಟಿನಲ್ಲಿ, ಉದುರಲಿ ಎಂದೇ ಅಂಟಿಸಿದೆ ಎಂದಳು. ಪೆಟ್ಟಿಗೆ ತಂದವನು ಇವನು, ಇವನಿಗೆ ಕೊಟ್ಟವನು ಬಿಳಿ ಬೂಟಿನವನು ಎಂದು ಒಂದನ್ನೂ ಮುಚ್ಚಿಡದೆ ಹೇಳಿ, ಅವರು ಬರೆದುಕೊಂಡದ್ದನ್ನು ಓದಿ ಸಹಿ ಹಾಕಿದಳು. ಅವರ ಬರಹದಲ್ಲಿ ಎರಡು ತಪ್ಪಿದ್ದವು, ನಾನೇ ನೋಡಿದೆ. ತಿದ್ದಲಿಲ್ಲ.

ಮಾವ ಕೂಗಾಡಲಿಲ್ಲ. ಹೊಸಿಲ ಹತ್ತಿರ ನಿಂತು ತಿರುಗಿದ.

"ಅಕ್ಕ, ಆ ಅಂಟು ಬಿಟ್ಟುಕೊಳ್ಳುತ್ತೆ ಅಂತ ಅವತ್ತೇ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ಒಂದು ಮಾತು ಹೇಳಬಾರದಿತ್ತಾ?"

ಅವಳು ಹತ್ತಿರ ಹೋಗಿ ಅವನ ತೋಳಿನ ಗುಂಡಿ ಹಾಕಲು ಕೈಯೆತ್ತಿದಳು. ಅವನು ತೋಳು ಕೊಡವಿಕೊಂಡು ಇಳಿದುಹೋದ. ಅಧಿಕಾರಿಗಳಿಗೆ ಮಾವ ಸಿಕ್ಕಿದ, ನಮ್ಮ ಹೇಳಿಕೆ ಸಿಕ್ಕಿತು, ಸಾಕ್ಷಿಗಳೆಂದು ನಮ್ಮಿಬ್ಬರನ್ನು ಬಿಟ್ಟರು. ಬಿಳಿ ಬೂಟಿನವನು ಮಾತ್ರ ಸಿಗಲಿಲ್ಲ.

ಆಮೇಲೆ ಬಂದರಿನಲ್ಲಿ ನಮ್ಮ ಮಚ್ಚೆಯನ್ನು ಯಾರೂ ನಂಬಲಿಲ್ಲ. ನಮ್ಮ ಪೆಟ್ಟಿಗೆಯ ಒಂದೊಂದು ಸಾಮಾನಿಗೂ ಸೂಜಿ ಕಾಯಿಸಿ ಚುಚ್ಚಿ, ಕಪ್ಪು ತೂತು ಮಾಡಿ ಕಳಿಸುತ್ತಿದ್ದರು. ತೂತು ಬಿದ್ದ ಚದುರಂಗದ ರಾಜನನ್ನು ಯಾರು ಕೊಳ್ಳುತ್ತಾರೆ. ಆದರೂ ದೊಡ್ಡಮ್ಮ ಮಚ್ಚೆ ಬಿಡುವುದನ್ನು ಬಿಡಲಿಲ್ಲ. ಜೈಲಿನಲ್ಲಿ ಮಾವ ಅವಳನ್ನು ನೋಡಲು ಹೊರಗೆ ಬರುತ್ತಿರಲಿಲ್ಲ. ತಿಂಗಳಿಗೊಮ್ಮೆ ಹೋಗಿ ಒಗೆದ ಅಂಗಿಗಳನ್ನು ಕಾವಲಿನವನ ಕೈಗೆ ಕೊಟ್ಟು, ತೊಟ್ಟು ಕೊಳೆಯಾದವನ್ನು ತರುತ್ತಿದ್ದಳು. ಮೊದಲ ತಿಂಗಳು ಗಂಟು ಬಿಚ್ಚಿ ನೋಡಿದರೆ, ಅಂಗಿಗಳಲ್ಲಿ ಒಂದು ಗುಂಡಿಯೂ ಇಲ್ಲ. ಬಟ್ಟೆ ಹರಿಯುವ ಹಾಗೆ ಕಿತ್ತಿದ್ದ. ನನಗೆ ಉರಿದುಹೋಯಿತು. ದೊಡ್ಡಮ್ಮ ಹರಿದಲ್ಲಿ ತೇಪೆ ಹಾಕಿ, ಹೊಸ ಗುಂಡಿ ಕಡೆದು, ಮತ್ತೆ ಹೊಲಿದಳು. ಮುಂದಿನ ತಿಂಗಳೂ ಕಿತ್ತು ಕಳಿಸಿದ, ಮತ್ತೆ ಹೊಲಿದಳು. ಹದಿಮೂರು ತಿಂಗಳು ಹೀಗೇ ನಡೆಯಿತು. ಕೀಳುವಷ್ಟು ಶಕ್ತಿ ಇದೆಯಲ್ಲ, ಚೆನ್ನಾಗಿದ್ದಾನೆ ಎಂದು ಅವಳೇ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಗಂಟು ಬಿಚ್ಚುವಾಗ ಅವಳ ಮುಖದಲ್ಲಿ ಒಂದು ಥರದ ಆಸೆಯೂ ಕಾಣುತ್ತಿತ್ತು.

ಹದಿನಾಲ್ಕನೆಯ ತಿಂಗಳು ಗಂಟು ಬಿಚ್ಚಿದರೆ ಗುಂಡಿಗಳೆಲ್ಲ ಇದ್ದವು. ದೊಡ್ಡಮ್ಮ ಎಣಿಸಿದಳು, ಇನ್ನೊಮ್ಮೆ ಎಣಿಸಿದಳು. "ಸಿಟ್ಟು ಇಳೀತು ಕಣೇ," ಎಂದು ನನ್ನನ್ನು ತಬ್ಬಿಕೊಂಡಳು. ನಾನು ಅಂಗಿಯನ್ನು ಮೂಗಿನ ಹತ್ತಿರ ಹಿಡಿದೆ. ನಮ್ಮ ಮನೆಯ ಸಾಬೂನಿನ ವಾಸನೆ ಇನ್ನೂ ಹಾಗೇ ಇತ್ತು, ಮಡಿಕೆ ಕೂಡ ಮುರಿದಿರಲಿಲ್ಲ. ಅವನು ಅದನ್ನು ಮೈಗೆ ಹಾಕಿಯೇ ಇರಲಿಲ್ಲ, ಅವಳ ಗುಂಡಿಯನ್ನು ಕೀಳುವುದೂ ಅವನಿಗೆ ಬೇಡವಾಗಿತ್ತು. ಆಗಲೂ ನಾನು ಸುಮ್ಮನಿದ್ದೆ.

ಮೂರು ದಿನಕ್ಕೆ ಜೈಲಿನಿಂದ ಕಾಗದ ಬಂತು. ಅಚ್ಚು ಹಾಕಿದ ನಮೂನೆ, ಖಾಲಿ ಜಾಗಗಳಲ್ಲಿ ಶಾಯಿಯ ಬರಹ. ಸತ್ತವನ ಹೆಸರು, ವಯಸ್ಸು, ತಾರೀಖು. ಕಾರಣ ಎಂಬಲ್ಲಿ, ಒದ್ದೆ ಮೆಟ್ಟಿಲಿನಲ್ಲಿ ಜಾರಿ ಬಿದ್ದದ್ದು. ಶವ ತರಲು ಹೋದಾಗ ಕಾವಲಿನವನು ನನ್ನನ್ನು ಪಕ್ಕಕ್ಕೆ ಕರೆದು, ಆ ವಾರ ಒಳಗೆ ಬಂದ ಇಬ್ಬರು ಹೊಸ ಕೈದಿಗಳು ಮಾವ ಬಿದ್ದ ಮಾರನೆಯ ದಿನವೇ ಬಿಡುಗಡೆಯಾಗಿ ಹೋದರು ಎಂದಷ್ಟೇ ಹೇಳಿದ. ಜೈಲಿಗೆ ಗೋಡೆ ಇತ್ತು, ಬಾಗಿಲೂ ಇತ್ತು.

ಎಲ್ಲ ಮುಗಿಸಿ ಮನೆಗೆ ಬಂದ ಮೇಲೆ ದೊಡ್ಡಮ್ಮ ಆ ಕಾಗದವನ್ನು ಕಾರ್ಖಾನೆಯ ಕಿಟಕಿಯ ಹತ್ತಿರ ತೆಗೆದುಕೊಂಡು ಹೋದಳು. ವರ್ಷಕ್ಕೂ ಹೆಚ್ಚು ಕಾಲ ಮುಟ್ಟದೆ ಇದ್ದ ಪೆನ್ಸಿಲನ್ನು ಹುಡುಕಿ, ಉಳಿಯಿಂದ ಮೊನೆ ಮಾಡಿಕೊಂಡಳು. ಹೆಸರು ಓದಿದಳು, ಸರಿಯಿತ್ತು. ವಯಸ್ಸು ಸರಿಯಿತ್ತು. ಕಾರಣ ಎಂಬಲ್ಲಿಗೆ ಬಂದಾಗ, ಒದ್ದೆ ಮೆಟ್ಟಿಲಿನಲ್ಲಿ ಜಾರಿ ಬಿದ್ದದ್ದು ಎಂಬುದರ ಮೇಲೆ ನೆಟ್ಟಗೆ ಒಂದು ಗೀಟು ಎಳೆದು, ಮೇಲಿನ ಸಣ್ಣ ಜಾಗದಲ್ಲಿ ತನ್ನ ಗುಂಡಗಿನ ಅಕ್ಷರದಲ್ಲಿ ಬರೆದಳು: ಅಕ್ಕ ಹೇಳಲಿಲ್ಲ.

ಆಮೇಲೆ ಹೊಸ ಲಕೋಟೆಗೆ ಹಾಕಿ, ಜೈಲಿನ ವಿಳಾಸ ಬರೆದು, ಹಿಟ್ಟಿನ ಅಂಟು ಹಚ್ಚಿ ಮುಚ್ಚಿ ನನ್ನ ಕೈಗೆ ಕೊಟ್ಟಳು. ನಾನು ಹೋಗಿ ಅಂಚೆಗೆ ಹಾಕಿ ಬಂದೆ.